ಬಟ್ಟಲಲ್ಲಿ ಉಳಿದ ತಗಡು

ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಧೊಂಡಿಬಾನ ಗ್ಯಾರೇಜು. ಅದು ಹೆಸರಿಗೆ ಮಾತ್ರ ಧೊಂಡಿಬಾನದು. ಲಕ್ವ ಹೊಡೆದು ಅವನ ಬಲಗೈ ಸೋತ ಮೇಲೆ ಪಾನಾ, ಇಕ್ಕಳ ಹಿಡಿದು ಗಾಡಿ ಬಿಚ್ಚುವವಳು, ಕಟ್ಟುವವಳು ಎಲ್ಲ ಅವನ ಮಗಳು ಮೋನಾಲಿ. ಮೊದಮೊದಲು ಹೆಣ್ಣುಮಗಳ ಕೈಗೆ ಗಾಡಿ ಕೊಡಲು ಗಿರಾಕಿಗಳು ಹಿಂದೆ ಮುಂದೆ ನೋಡಿದ್ದರು. ಈಗ ಆ ಮಾತು ಹಳೆಯದಾಗಿತ್ತು. ಧೊಂಡಿಬಾ ಬಾಗಿಲ ಪಕ್ಕ ಖುರ್ಚಿ ಹಾಕಿಕೊಂಡು ಕೂತು, ಬಂದವರ ಜೊತೆ ಕಬ್ಬಿನ ದರದಿಂದ ಹಿಡಿದು ಬೀಗರ ಜಗಳದ ತನಕ ಮಾತಾಡುತ್ತಿದ್ದ. ಕೆಲಸದ ಗೊಡವೆಗೆ ಹೋಗುತ್ತಿರಲಿಲ್ಲ.

ಕಬ್ಬು ಕಡಿಯುವ ಹಂಗಾಮಿನ ಒಂದು ಮುಂಜಾನೆ ದಾನೋಳಿಯ ಜಿನಪಾಲ ತನ್ನ ಹಳೆಯ ಮೋಟರ್‌ಸೈಕಲ್ ನೂಕಿಕೊಂಡು ಅಲ್ಲಿಗೆ ಬಂದ. ಅರವತ್ತರ ಆಸುಪಾಸಿನ ಗಟ್ಟಿ ಆಳು. ನೂಕಿ ನೂಕಿ ಅಂಗಿ ಬೆನ್ನಿಗೆ ಅಂಟಿತ್ತು. ಹಿಂದೆ ಹೆಂಡತಿ ಮಾಣಿಕಬಾಯಿ, ಬಗಲಲ್ಲಿ ಬಟ್ಟೆಯ ಗಂಟು. ಮಗಳ ಮನೆಗೆ ಬಂದು ಎರಡು ದಿನ ಇದ್ದು, ಊರಿಗೆ ಹೊರಟವರ ಗಾಡಿ ಪೇಟೆಯ ನಡುವೆ ಕೈಕೊಟ್ಟಿತ್ತು.

“ರೇಸ್ ಕೊಟ್ರ ಏನೂ ಆಗವಲ್ತು ನೋಡವಾ. ಹ್ಯಾಂಡಲ್ ಸುಮ್ಮನ ತಿರಗತೈತಿ,” ಎಂದ ಜಿನಪಾಲ.

ಮೋನಾಲಿ ಕಾರ್ಬೋರೇಟರಿನ ಮೇಲಿನ ಮುಚ್ಚಳ ತಿರುವಿ ತೆಗೆದಳು. ಹ್ಯಾಂಡಲಿನಿಂದ ಬಂದ ಕೇಬಲಿನ ತುದಿಯಲ್ಲಿ ಇರಬೇಕಾದ ಸಣ್ಣ ಗುಂಡು ಕಿತ್ತುಹೋಗಿತ್ತು. ತಂತಿಯ ಎಳೆಗಳು ಒಂದೊಂದೂ ಒಂದೊಂದು ಕಡೆಗೆ ಚಾಚಿಕೊಂಡಿದ್ದವು.

“ಕಾಕಾ, ಕೇಬಲ್ ಹರದೈತ್ರಿ. ಈ ಮಾಡೆಲ್ಲಿಂದು ಇಲ್ಲಿ ಸಿಗಾಂಗಿಲ್ಲ, ಕೊಲ್ಲಾಪುರದಿಂದ ತರಸಬೇಕು. ನಾಳೆ ಸಂಜೀಕ ಕೊಡತೇನಿ.”

“ನಾಳೆ ಆಗಾಂಗಿಲ್ಲ. ಕಬ್ಬು ಕಡಿಯೋ ಟೋಳಿ ನಾಳೆ ಮುಂಜಾನೆ ನನ್ನ ಹೊಲಕ್ಕ ಇಳೀತೈತಿ. ನಾ ಇಲ್ಲಂದ್ರ ಬ್ಯಾರೇದವರ ಹೊಲಕ್ಕ ಹೋಗಿಬಿಡತಾರ. ಇದನ್ನ ರಿಪೇರಿ ಮಾಡಾಕ ಬರಾಂಗಿಲ್ಲೇನು?”

“ಬರತೈತ್ರಿ. ಆದ್ರ ಅದು ಊರು ಮುಟ್ಟೂತನಾ ಅಷ್ಟ. ಮುಂದ ಹೊಸಾದು ಹಾಕಸಬೇಕು.”

ಮಾಣಿಕಬಾಯಿ ಗಂಡನ ಕಡೆ ನೋಡಿದಳು. “ಎಸ್‌ಟಿಗೆ ಹೋಗೂಣು ಬರ್ರಿ. ಸ್ಟ್ಯಾಂಡ್ ಇಲ್ಲೇ ಐತಿ. ಗಾಡಿ ಆಮ್ಯಾಲ ಒಯ್ದರಾತು.”

“ಗಾಡಿ ಬಿಟ್ಟು ಹ್ಯಾಂಗ ಬರೂದು? ಹೊಲಕ್ಕ ನಾಕ ಸಲ ಓಡ್ಯಾಡೂದು ಐತಿ. ಮಾಡವಾ, ನೀ ಮಾಡು.”

ಮೋನಾಲಿ ಕೂತಳು. ಹರಿದ ಎಳೆಗಳನ್ನು ಸಮ ಕತ್ತರಿಸಿ, ತುದಿಗೆ ಹಿತ್ತಾಳೆಯ ಹೊಸ ಗುಂಡು ಪೋಣಿಸಿ, ಎಳೆಗಳನ್ನು ಅದರ ಬಾಯಲ್ಲಿ ಅಗಲಿಸಿ ಬೆಸುಗೆ ಹಾಕಿದಳು. ತಣಿದ ಮೇಲೆ ಇಕ್ಕಳದಿಂದ ಹಿಡಿದು ಜಗ್ಗಿ ನೋಡಿದಳು. ಗುಂಡು ಅಲುಗಲಿಲ್ಲ. ಕಾರ್ಬೋರೇಟರಿನ ಒಳಗಿನ ಸಾಮಾನನ್ನೆಲ್ಲ ಪೆಟ್ರೋಲಿನ ಬಟ್ಟಲಲ್ಲಿ ಅದ್ದಿ ತೊಳೆದಳು. ಅದರಲ್ಲಿ ಹೆಬ್ಬೆರಳ ಉದ್ದದ ಒಂದು ಕೊಳವೆ. ರೇಸ್ ಕೊಟ್ಟಾಗ ಕೇಬಲ್ ಅದನ್ನು ಮೇಲಕ್ಕೆ ಎಳೆಯುತ್ತದೆ, ಗಾಡಿ ಓಡುತ್ತದೆ. ಕೈ ಬಿಟ್ಟಾಗ ಸ್ಪ್ರಿಂಗ್ ಅದನ್ನು ಕೆಳಕ್ಕೆ ಒತ್ತುತ್ತದೆ, ಗಾಡಿಯ ವೇಗ ಇಳಿಯುತ್ತದೆ. ಕೊಳವೆಯ ಒಳಗೆ, ಸ್ಪ್ರಿಂಗಿನ ಕೆಳಗೆ, ಉಗುರಿನಷ್ಟಗಲದ ಒಂದು ತಗಡು ಕೂರುತ್ತದೆ. ಕೇಬಲಿನ ಗುಂಡು ತನ್ನ ಜಾಗ ಬಿಟ್ಟು ಏಳದ ಹಾಗೆ ಒತ್ತಿ ಹಿಡಿಯುವುದೇ ಅದರ ಕೆಲಸ.

ಜಿನಪಾಲ ತಲೆಯ ಮೇಲೆ ನಿಂತಿದ್ದ. “ಆತೇನವಾ?” ಎಂದು ಕೇಳುತ್ತಲೇ ಇದ್ದ. ಮಾಣಿಕಬಾಯಿ ಧೊಂಡಿಬಾನ ಹತ್ತಿರ ಕೂತು ಮಗಳು ಪ್ರಣಾಲಿಯ ಸುದ್ದಿ ಹೇಳುತ್ತಿದ್ದಳು: ನದಿಯ ಕಡೆ ಹಿಟ್ಟಿನ ಗಿರಣಿಗೆ ಹತ್ತಿದ ಮನೆ, ಅಳಿಯ ಒಳ್ಳೆಯವನು, ನೀರಿನದೊಂದೇ ತ್ರಾಸು. ಮೋನಾಲಿ ಸ್ಪ್ರಿಂಗ್ ಒತ್ತಿ ಹಿಡಿದು ಗುಂಡನ್ನು ಅದರ ಜಾಗಕ್ಕೆ ಸೇರಿಸಿ, ಮುಚ್ಚಳ ಬಿಗಿದಳು. ಗಾಡಿ ಶುರುವಾಯಿತು. ರೇಸ್ ಏರಿತು, ಇಳಿಯಿತು. ಗಂಡ ಹೆಂಡತಿ ಇಬ್ಬರೂ ಹತ್ತಿ ಹೊರಟರು.

ಇನ್ನೊಂದು ಗಾಡಿಯ ಕೆಲಸ ಶುರು ಮಾಡುವ ಮುಂಚೆ ಮೋನಾಲಿ ಬಟ್ಟಲಿನ ಕೊಳೆ ಪೆಟ್ರೋಲ್ ಡಬ್ಬಿಗೆ ಸುರಿದಳು. ತಳದಲ್ಲಿ ಏನೋ ಮಿಂಚಿತು. ಬೆರಳು ಹಾಕಿ ತೆಗೆದಳು. ಆ ತಗಡು.

ಬೇರೆ ಗಾಡಿಯದಿರಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮುಂಜಾನೆಯಿಂದ ಆ ಬಟ್ಟಲಿಗೆ ಬಿದ್ದದ್ದು ಜಿನಪಾಲನ ಗಾಡಿಯ ಸಾಮಾನು ಮಾತ್ರ. ತಗಡು ಇಲ್ಲದಿದ್ದರೂ ಗಾಡಿ ಓಡುತ್ತದೆ. ಗುಂಡು ತನ್ನ ಜಾಗದಲ್ಲಿ ಇರುವವರೆಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಎಲ್ಲೋ ಒಂದು ತಗ್ಗು, ಒಂದು ಧಕ್ಕೆ, ಗುಂಡು ಎದ್ದು ಕೊಳವೆಯ ಗೋಡೆಗೆ ಓರೆಯಾಗಿ ಸಿಕ್ಕಿಕೊಂಡರೆ ಕೊಳವೆ ಮೇಲೆಯೇ ನಿಂತುಬಿಡುತ್ತದೆ. ಆಮೇಲೆ ಹ್ಯಾಂಡಲ್ ಬಿಟ್ಟರೂ ರೇಸ್ ಇಳಿಯುವುದಿಲ್ಲ.

“ಕಾಯ್ ಝಾಲಂ? ಏನಾತು?” ಎಂದ ಧೊಂಡಿಬಾ, ಮಗಳ ಮುಖ ನೋಡಿ.

ಮೋನಾಲಿ ಅಂಗೈ ಚಾಚಿದಳು. ಧೊಂಡಿಬಾ ತಗಡು ನೋಡಿದ. ಅವನ ತುಟಿ ಒಂದು ಕಡೆ ವಾಲಿ ಮಾತು ತಡವಾಯಿತು.

“ನಂಬರ್ ಇಸಗೊಂಡಿಯೇನು?”

“ಇಲ್ಲಪ್ಪಾ.”

“ಯಾವ ದಾರಿ?”

“ಸಂಕೇಶ್ವರ ಮ್ಯಾಲ ನಿಪ್ಪಾಣಿ ಅಂದ್ರು. ತವಂದಿ ಘಾಟ ಇಳೀಬೇಕಪ್ಪಾ ಅವರು.”

“ಮಗಳ ಮನಿಗೆ ಹೋಗು. ಗಿರಣಿ ಬಾಜೂಕ ಅಂದ್ಳಲ್ಲ. ನಿಂದರಬ್ಯಾಡ, ಹೋಗು.”

ಮೋನಾಲಿ ತಗಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕುರ್ತಾದ ಕಿಸೆಗೆ ಹಾಕಿಕೊಂಡಳು. ಪಾನಾದ ಚೀಲ ಸ್ಕೂಟರಿನ ಸೀಟಿನ ಕೆಳಗೆ ತುರುಕಿ ಹೊರಟಳು.

ಪ್ರಣಾಲಿ ಮನೆಯ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದಳು. ಎಣ್ಣೆ ಮೆತ್ತಿದ ಕೈಯ ಹೆಣ್ಣುಮಗಳೊಬ್ಬಳು ಸ್ಕೂಟರ್ ಬಂದ್ ಮಾಡದೆಯೇ, “ನಿಮ್ಮ ಅಪ್ಪಾರಿಗೆ ಫೋನ್ ಹಚ್ರಿ ಅಕ್ಕಾ. ಗಾಡಿ ನಿಂದರಸ್ರಿ ಅಂತ ಹೇಳ್ರಿ” ಎಂದಾಗ ಅವಳಿಗೆ ಏನೂ ತಿಳಿಯಲಿಲ್ಲ.

“ನೀವ್ಯಾರ್ರಿ?”

“ಗ್ಯಾರೇಜಿನಾಕಿ. ಅವರ ಗಾಡಿ ಈಗ ನಾನ ರಿಪೇರಿ ಮಾಡೇನಿ. ಒಂದು ಸಾಮಾನ ಹಾಕೂದ ಉಳದೈತಿ. ರೇಸ್ ಸಿಕ್ಕೊಳ್ಳಬಹುದ್ರಿ. ಹಚ್ರಿ ಫೋನ್.”

ಪ್ರಣಾಲಿ ಒಳಗೆ ಓಡಿ ಫೋನ್ ತಂದಳು. ಜಿನಪಾಲನ ಫೋನ್ ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. “ಗಾಡಿ ಮ್ಯಾಲಿದ್ರ ಎತ್ತಾಂಗಿಲ್ಲ ಅವರು. ಅವ್ವಗ ಹಚ್ಚತೇನಿ,” ಎಂದು ಮತ್ತೆ ಒತ್ತಿದಳು. ಅಡಿಗೆಮನೆಯ ಮಾಡದಲ್ಲಿ ಎಲ್ಲೋ ಒಂದು ಭಜನೆಯ ಧಾಟಿ ಕೇಳಿಬಂತು. ಪ್ರಣಾಲಿ ಫೋನನ್ನು ಕಿವಿಯಿಂದ ಕೆಳಗಿಳಿಸಿದಳು. ಚಾರ್ಜಿಗೆ ಹಚ್ಚಿಟ್ಟ ತಾಯಿಯ ಫೋನು ಅಲ್ಲೇ ಉಳಿದಿತ್ತು.

ಅವಳು ಮೊರ ಅಲ್ಲೇ ಬಿಟ್ಟು, ಗಿರಣಿಯವರಿಗೆ ಮನೆ ನೋಡಿಕೊಳ್ಳಲು ಹೇಳಿ, ಬಂದು ಸ್ಕೂಟರಿನ ಹಿಂದೆ ಕೂತಳು.

ಸಂಕೇಶ್ವರದವರೆಗೂ ಪ್ರಣಾಲಿಯ ಬೆರಳುಗಳು ಮೋನಾಲಿಯ ಹೆಗಲಲ್ಲಿ ನಾಟಿದ್ದವು. ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು. ದಾಟುವಾಗ ಕಬ್ಬಿನ ಗರಿ ಮುಖಕ್ಕೆ ಹೊಡೆಯುತ್ತಿತ್ತು. ಎದುರಿಗೆ ಬರುವ ಪ್ರತಿ ಬಸ್ಸು, ಪ್ರತಿ ಟೆಂಪೋದವನ ಮುಖವನ್ನು ಮೋನಾಲಿ ನೋಡುತ್ತಿದ್ದಳು. ಮುಂದೆ ಏನಾದರೂ ಆಗಿದ್ದರೆ ಅವರ ಮುಖದಲ್ಲಿ ಕಾಣುತ್ತದೆ ಎಂದು ಅವಳಿಗೆ ಯಾಕೋ ಅನ್ನಿಸಿತ್ತು. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಅದರಿಂದ ಸಮಾಧಾನವೂ ಆಗಲಿಲ್ಲ.

ಹೈವೇ ಸೇರಿದ ಮೇಲೆ ಪ್ರಣಾಲಿ ಕಿವಿಯ ಹತ್ತಿರ ಬಾಗಿ ಕೇಳಿದಳು. “ನಿಮ್ಮ ಕೈಯಿಂದನ ಉಳೀತು, ಹೌದಲ್ರಿ?”

“ಹೌದ್ರಿ.”

ಪ್ರಣಾಲಿ ಹಿಂದಕ್ಕೆ ಸರಿದು ಕೂತಳು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಮೋನಾಲಿ.

ಸ್ವಲ್ಪ ದೂರ ಹೋಗುತ್ತಿದ್ದಂತೆ ಮುಂದೆ ಜನ ಗುಂಪುಗಟ್ಟಿದ್ದು ಕಂಡಿತು. ಲಾರಿಗಳು ಸಾಲಾಗಿ ನಿಂತಿದ್ದವು. ಒಬ್ಬನು ಕೆಂಪು ಟವೆಲ್ ಬೀಸುತ್ತ “ಹಳೂ, ಹಳೂ ಜಾ, ಸಾವಕಾಶ ಹೋಗ್ರಿ” ಎಂದು ಕೂಗುತ್ತಿದ್ದ. ಪ್ರಣಾಲಿ ಹಣೆಯನ್ನು ಮೋನಾಲಿಯ ಬೆನ್ನಿಗೆ ಒತ್ತಿದಳು. “ನೀವ ನೋಡ್ರಿ. ನನಗ ಆಗಾಂಗಿಲ್ಲ.”

ಮೋನಾಲಿಗೆ ನೋಡದೆ ವಿಧಿಯಿರಲಿಲ್ಲ. ಜನರ ಕಾಲುಗಳ ಸಂದಿಯಲ್ಲಿ ನೆಲದ ಮೇಲೆ ಏನೋ ಹರಡಿತ್ತು. ಹತ್ತಿರ ಹೋದಾಗ ಕಬ್ಬು ಎಂದು ತಿಳಿಯಿತು. ಟ್ರೇಲರಿನ ಗಾಲಿ ಮುರಿದು ಹೊರೆ ಪೂರಾ ರಸ್ತೆಗೆ ಉರುಳಿತ್ತು. “ಅವರಲ್ರಿ, ಕಬ್ಬು ಬಿದ್ದೈತಿ,” ಎಂದಳು. ಹೇಳುವಾಗ ಅವಳ ಹಲ್ಲು ಕಟಕಟ ಅಂದವು. ಬಿಸಿಲು ನೆತ್ತಿಗೆ ಬಂದಿತ್ತು, ಅವಳಿಗೆ ಚಳಿ ಹತ್ತಿತ್ತು.

ತವಂದಿ ಘಾಟಿನ ತಲೆಯಲ್ಲಿ, ರಸ್ತೆ ಇಳಿಯಲು ಶುರುವಾಗುವ ಕಡೆ, ಒಂದು ಬೇವಿನ ಮರದ ಕೆಳಗೆ ಅವರಿಬ್ಬರೂ ಕಂಡರು. ಮಾಣಿಕಬಾಯಿ ಗಂಟಿನ ಮೇಲೆ ಕೂತಿದ್ದಳು. ಜಿನಪಾಲ ಗಾಡಿಯ ಮೇಲೆ ಕೂತು, ಒಂದು ಕಾಲು ನೆಲಕ್ಕೂರಿ, ಹೆಂಡತಿಗೆ ಕೈ ಮಾಡಿ ಏನೋ ಹೇಳುತ್ತಿದ್ದ. ಗಾಡಿ ಚಾಲೂ ಇತ್ತು.

“ಅಪ್ಪಾ,” ಎಂದು ಪ್ರಣಾಲಿ ದೂರದಿಂದಲೇ ಕೂಗಿದಳು. ಗಾಡಿಯ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

ಅಲ್ಲಿ ನಡೆದದ್ದು ಏನೆಂದು ಮೋನಾಲಿಗೆ ಮಾಣಿಕಬಾಯಿಯಿಂದ ತಿಳಿದದ್ದು ಆಮೇಲೆ. ಘಾಟು ಬರುವ ಮುಂಚೆ ಗಾಡಿ ಎರಡು ಸಲ ತಾನೇ ಜಗ್ಗಿತ್ತು. ಎರಡನೆಯ ಸಲ ಮಾಣಿಕಬಾಯಿ ಗಂಡನ ಬೆನ್ನಿಗೆ ಗುದ್ದಿ ಇಳಿದುಬಿಟ್ಟಿದ್ದಳು. ನಾ ನಡಕೊಂತ ಇಳೀತೇನಿ, ನೀವು ಕೆಳಗ ಹೋಗಿ ನಿಂದರ್ರಿ ಎಂದು ಹಟ ಹಿಡಿದಿದ್ದಳು. ಏನೂ ಆಗಿಲ್ಲ, ನೋಡು ಬೇಕಾದರೆ ಎಂದು ಅವಳಿಗೆ ತೋರಿಸಲು ಜಿನಪಾಲ ಗೇರ್ ಹಾಕಿ, ಹ್ಯಾಂಡಲ್ ಜೋರಾಗಿ ತಿರುವಿದ. ಅದೇ ಹೊತ್ತಿಗೆ ಸ್ಕೂಟರ್ ಬೇವಿನ ಮರದ ಹತ್ತಿರ ಬಂದು ಮುಟ್ಟಿತ್ತು.

ಗಾಡಿ ಹಾರಿ ಮುಂದೆ ಹೋಯಿತು. ಅದರ ಸದ್ದು ಏರುತ್ತ ಹೋಯಿತು, ಇಳಿಯಲಿಲ್ಲ. ಮೋನಾಲಿಗೆ ಆ ಸದ್ದಿನಲ್ಲೇ ಎಲ್ಲ ಗೊತ್ತಾಯಿತು.

“ಇಳೀರಿ ಅಕ್ಕಾ,” ಎಂದಳು. ಪ್ರಣಾಲಿ ಇಳಿದಳೋ ಜಿಗಿದಳೋ ಅವಳು ನೋಡಲಿಲ್ಲ. ಸ್ಕೂಟರನ್ನು ಇಳಿಜಾರಿಗೆ ಬಿಟ್ಟಳು.

ಮುಂದೆ ಜಿನಪಾಲನ ಬಿಳಿ ಅಂಗಿ ಗಾಳಿ ತುಂಬಿ ಉಬ್ಬಿತ್ತು. ಅವನು ಬ್ರೇಕ್ ಒತ್ತುತ್ತಿದ್ದ. ಹಿಂದಿನ ಕೆಂಪು ದೀಪ ಹತ್ತಿಯೇ ಇತ್ತು. ಆದರೆ ಎಂಜಿನ್ನು ಬ್ರೇಕಿಗೂ ಬಗ್ಗದೆ ಗಾಡಿಯನ್ನು ಎಳೆದುಕೊಂಡು ಹೋಗುತ್ತಿತ್ತು. ತಿರುವಿನ ಆಚೆ ಒಂದು ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರಿನೊಂದಿಗೆ ತೆವಳುತ್ತ ಇಳಿಯುತ್ತಿತ್ತು. ಅದರ ಪಕ್ಕ ಒಂದು ಲಾರಿ. ಎರಡರ ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಸಹ ಜಾಗವಿರಲಿಲ್ಲ.

ಮೋನಾಲಿ ಅವನ ಬಲಬದಿಗೆ ಬಂದಳು. ಅವನ ಮುಖ ಸುಣ್ಣದ ಗೋಡೆಯಾಗಿತ್ತು. ಕಣ್ಣು ಟ್ರೇಲರಿನ ಮೇಲೆಯೇ ನೆಟ್ಟಿತ್ತು. ಅವಳು ಕೂಗಿದಳು. ಅವನು ತಿರುಗಲಿಲ್ಲ. ಇನ್ನೂ ಹತ್ತಿರ ಹೋದಳು. ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರ.

“ಕಾಕಾ, ಕ್ಲಚ್ ಹಿಡೀರಿ. ಕ್ಲಚ್.”

ಅವನ ಎಡಗೈ ಬೆರಳುಗಳು ಹ್ಯಾಂಡಲಿಗೆ ಬೆಸೆದಂತಿದ್ದವು. ಅವು ನಿಧಾನವಾಗಿ ಬಿಚ್ಚಿ, ಕ್ಲಚ್ ಹುಡುಕಿ, ಒತ್ತಿದವು. ಎಂಜಿನ್ ಚೀರಿತು. ಗಾಡಿಯ ಎಳೆತ ನಿಂತಿತು.

“ಚಾವಿ ತಿರವ್ರಿ. ಬಲಗೈ ಬಿಡ್ರಿ, ಚಾವಿ ತಿರವ್ರಿ.”

ಅವನು ಬಲಗೈ ಬಿಟ್ಟ. ಗಾಡಿ ಹೊಯ್ದಾಡಿತು. ಕೈ ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಚಾವಿಗೆ ಸಿಕ್ಕಿತು. ಚೀರಾಟ ತಟ್ಟನೆ ನಿಂತು, ಗಾಳಿಯ ಸದ್ದು ಮಾತ್ರ ಉಳಿಯಿತು. ಗಾಡಿ ರಸ್ತೆ ಬಿಟ್ಟು ಎಡಗಡೆಯ ಕೆಮ್ಮಣ್ಣಿಗೆ ಇಳಿದು, ಜಾರಿ, ವಾಲಿ ಬಿತ್ತು. ಟ್ರೇಲರು ಏನೂ ತಿಳಿಯದೆ ತನ್ನ ಪಾಡಿಗೆ ಮುಂದೆ ಹೋಯಿತು.

ಮೋನಾಲಿ ಓಡಿಬಂದಾಗ ಜಿನಪಾಲ ಎದ್ದು ಕೂತಿದ್ದ. ಅಂಗೈ ತರಚಿ ಮಣ್ಣು ಮೆತ್ತಿತ್ತು. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು. ಬೇರೆ ಏನೂ ಆಗಿರಲಿಲ್ಲ. ಅವಳು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿಸೆಯಿಂದ ಪೊಟ್ಟಣ ತೆಗೆದು ಬಿಚ್ಚಿದಳು.

“ಕಾಕಾ, ತಪ್ಪು ನಂದ. ಇದನ್ನ ಹಾಕೂದ ಮರತಿದ್ದೆ.”

ಅವನು ತಗಡನ್ನು ನೋಡಿದ. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, “ನನ್ನ ಹಿಂದ ಆಕಿ ಕೂತಿದ್ಳಲ್ಲವಾ, ಇಷ್ಟೊತ್ತನಾ,” ಎಂದ.

ಮೋನಾಲಿ ತಗಡನ್ನು ಮತ್ತೆ ಹಾಳೆಯಲ್ಲಿ ಸುತ್ತಿದಳು.

ತಾಯಿ ಮಗಳು ಇಬ್ಬರೂ ಇಳಿಜಾರಿನಲ್ಲಿ ಓಡುತ್ತ ಬಂದರು. ಮಾಣಿಕಬಾಯಿ ಗಂಡನ ತಲೆ, ಎದೆ, ತೋಳು ಮುಟ್ಟಿ ನೋಡಿದಳು. ಎಲ್ಲ ಇದೆ ಎಂದು ಖಾತ್ರಿಯಾದ ಮೇಲೆ ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪ್ರಣಾಲಿ ತಂದೆಯ ಕೈ ತೊಳೆದು ತನ್ನ ದುಪಟ್ಟಾ ಹರಿದು ಕಟ್ಟಿದಳು. ಯಾರೂ ಮೋನಾಲಿಯ ಕಡೆ ನೋಡಲಿಲ್ಲ. ಅವಳು ಗಾಡಿ ಎತ್ತಿ ಸ್ಟ್ಯಾಂಡ್ ಹಾಕಿ ಮುಚ್ಚಳ ತೆಗೆದಳು.

ಅವಳು ಹೆದರಿದ್ದೇ ಆಗಿತ್ತು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಗುಂಡು ಮಾತ್ರ ತನ್ನ ಜಾಗದಿಂದ ಎದ್ದು ಗೋಡೆಗೆ ಓರೆಯಾಗಿ ಕಚ್ಚಿಕೊಂಡಿತ್ತು. ಅದನ್ನು ಬಿಡಿಸಿ, ಗೀರು ಬಿದ್ದ ಕಡೆ ಉಪ್ಪುಕಾಗದದಿಂದ ತಿಕ್ಕಿ, ಒರೆಸಿದಳು. ಗುಂಡು ಕೂರಿಸಿದಳು. ತಗಡು ಕೂರಿಸಬೇಕು. ಬೆರಳಿಂದ ಜಾರಿ ತಗಡು ಮಣ್ಣಿಗೆ ಬಿತ್ತು. ಒರೆಸಿ ಮತ್ತೆ ಹಿಡಿದಳು. ಮತ್ತೆ ಬಿತ್ತು.

ಜಿನಪಾಲ ಕುಂಟುತ್ತ ಎದ್ದು ಬಂದ. “ಸ್ಪ್ರಿಂಗ್ ನಾ ಹಿಡೀತೇನಿ. ನೀ ಅದನ್ನ ಕುಂದರಸು.”

ಅವನು ಸ್ಪ್ರಿಂಗನ್ನು ಮೇಲಕ್ಕೆ ಒತ್ತಿ ಹಿಡಿದ. ಪ್ರಣಾಲಿ ಗಾಳಿಗೆ ಅಡ್ಡ ನಿಂತಳು. ಮೋನಾಲಿ ತಗಡನ್ನು ಒಳಗೆ ಇಳಿಸಿ, ಕಡ್ಡಿಯಿಂದ ಒತ್ತಿ, ಕೂತಿದ್ದನ್ನು ನೋಡಿದಳು. ಜಿನಪಾಲನಿಗೂ ತೋರಿಸಿದಳು. ಅವನು ಬಾಗಿ ನೋಡಿದ. ಮುಚ್ಚಳ ಬಿಗಿದಾಯಿತು. ನಿಂತ ಕಡೆಯೇ ಗಾಡಿ ಚಾಲೂ ಮಾಡಿ ಅವಳು ರೇಸ್ ಏರಿಸಿದಳು, ಬಿಟ್ಟಳು. ಇಳಿಯಿತು. ಮತ್ತೆ ಏರಿಸಿದಳು, ಬಿಟ್ಟಳು. ಎಷ್ಟು ಸಲ ಮಾಡಿದಳೋ ಅವಳಿಗೇ ಗೊತ್ತಿಲ್ಲ.

“ಇನ್ನ ಬ್ಯಾಡ, ಟೆಂಪೋದಾಗ ಹಾಕಿ ಒಯ್ಯೂಣು,” ಎಂದಳು ಮಾಣಿಕಬಾಯಿ.

ಜಿನಪಾಲ ಬೇಡವೆಂದು ತಲೆಯಾಡಿಸಿದ. ಮೋನಾಲಿಯನ್ನು ನೋಡಿ, “ನೀನ ಇಳಸು ಕೆಳಗ,” ಎಂದ. ಅದು ಶಿಕ್ಷೆಯೋ ನಂಬಿಕೆಯೋ ಅವಳಿಗೆ ತಿಳಿಯಲಿಲ್ಲ. ಪ್ರಾಯಶಃ ಅವನಿಗೂ ತಿಳಿದಿರಲಿಲ್ಲ.

ಅವಳು ಹತ್ತಿ ಕೂತಳು. ಸಾವಿರ ಗಾಡಿಗಳನ್ನು ಓಡಿಸಿ ನೋಡಿದವಳು. ಆದರೆ ಮುಂದಿನ ಇಳಿಜಾರು ಕಂಡು ಕೂತಲ್ಲೇ ಉಳಿದಳು. ಕೆಳಗೆ ತಿರುವಿನ ಮೇಲೆ ತಿರುವು, ಅದರಾಚೆ ನಿಪ್ಪಾಣಿಯ ಮನೆಗಳು ಬಿಸಿಲಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಿತು. ಅವಳು ಗೇರ್ ಹಾಕಿದಳು. ಇಳಿಜಾರಿನಲ್ಲಿ ಬೇಕಿರದಿದ್ದರೂ ರೇಸ್ ಕೊಟ್ಟಳು, ಬಿಟ್ಟಳು. ಕೊಡದೆ ಇಳಿದರೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಸಲ ಬಿಟ್ಟಾಗಲೂ ಸದ್ದು ಇಳಿಯುವವರೆಗಿನ ಆ ಸಣ್ಣ ಹೊತ್ತಿನಲ್ಲಿ ಅವಳು ಕಿವಿಗೊಟ್ಟಿರುತ್ತಿದ್ದಳು. ಎಡಗೈ ಕ್ಲಚ್ ಮೇಲೆ ಇತ್ತು. ಸದ್ದು ಇಳಿಯುತ್ತಿತ್ತು. ಮುಂದಿನ ತಿರುವಿನಲ್ಲಿ ಮತ್ತೆ ಕೊಡುತ್ತಿದ್ದಳು. ತವನಿಧಿಯ ಕಡೆಗೆ ತಿರುಗುವ ರಸ್ತೆ ದಾಟಿತು. ರಸ್ತೆ ಸಮವಾಯಿತು. ಒಂದು ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಾವಿ ತಿರುವಿದಳು. ಇಳಿಯಬೇಕೆಂದರೆ ಕೈ ಹ್ಯಾಂಡಲ್ ಬಿಡಲಿಲ್ಲ.

ಪ್ರಣಾಲಿಯ ಜೊತೆ ಸ್ಕೂಟರಿನ ಮೇಲೆ ಹಿಂದಿನಿಂದ ಬಂದ ಮಾಣಿಕಬಾಯಿ ಅದನ್ನು ನೋಡಿದಳು. ಬಂದು, ಒಂದೊಂದೇ ಬೆರಳನ್ನು ಬಿಡಿಸಿದಳು.

“ಕುಂದ್ರು,” ಎಂದಳು. “ಚಾ ಕುಡಿ.”

ಮೋನಾಲಿ ಕೂತಳು. ಅಳು ಬಂದದ್ದು ಆಗ.

ಲಾರಿಯವನೊಬ್ಬ ಹತ್ತಿಸಿಕೊಂಡು ತಂದ ಜಿನಪಾಲನೂ ಬಂದು ಮುಟ್ಟಿದ. ನಿಪ್ಪಾಣಿಯಲ್ಲಿ ಸುಟ್ಟ ಕಾಲಿಗೆ ಔಷಧ ಹಚ್ಚಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಇಚಲಕರಂಜಿಯ ಬಸ್ಸು ಹತ್ತಿದರು. ಅಲ್ಲಿಂದ ಮುಂದೆ ಮಗ ನಿಖಿಲ ಕರೆದುಕೊಂಡು ಹೋಗುವವನಿದ್ದ. ಹತ್ತುವ ಮುಂಚೆ ಜಿನಪಾಲ ಗಾಡಿಯ ಚಾವಿಯನ್ನು ಮೋನಾಲಿಯ ಕೈಗೆ ಕೊಟ್ಟ. “ಗಾಡಿ ಒಯ್ದು ಹೊಸಾ ಕೇಬಲ್ ಹಾಕು. ಕಬ್ಬು ಹೋದ ಮ್ಯಾಲ ಬರತೇನಿ,” ಎಂದ. ಬಸ್ಸು ಹೊರಟಾಗ ಕಿಟಕಿಯಿಂದ ಅವನು ಗಾಡಿಯ ಕಡೆ ನೋಡಲಿಲ್ಲ.

ಅವನು ಬಂದದ್ದು ಹಂಗಾಮು ಮುಗಿಯುತ್ತ ಬಂದಾಗ, ಎಸ್‌ಟಿಯಲ್ಲಿ, ಒಬ್ಬನೇ. ಕೊಲ್ಲಾಪುರದಿಂದ ತಂದ ಹೊಸ ಕೇಬಲ್ ಹಾಕಿ ಗಾಡಿ ತಯಾರಿತ್ತು. ಮೋನಾಲಿ ಅವನ ಕಣ್ಣೆದುರು ಮುಚ್ಚಳ ತೆಗೆದು ಒಳಗಿನದನ್ನೆಲ್ಲ ತೋರಿಸಿ ಮತ್ತೆ ಹಾಕಿದಳು. ಅವನು ಗಾಡಿಯ ಸುತ್ತ ಒಮ್ಮೆ ತಿರುಗಿದ. ಹತ್ತಲಿಲ್ಲ. ಧೊಂಡಿಬಾನ ಪಕ್ಕ ಕೂತು ಚಹ ಕುಡಿದ. ಇಳುವರಿ ಎಷ್ಟು ಬಂತೆಂದು ಹೇಳಿದ. ಇನ್ನೊಂದು ಚಹ ಕುಡಿದ.

“ಈಗ ಹ್ಯಾಂಡಲ್ ಮ್ಯಾಲ ಕೈ ಇಟ್ರ ಕೈ ಬೆವರತೈತಿ ನೋಡ್ರಿ,” ಎಂದ ಧೊಂಡಿಬಾನಿಗೆ. “ಮನ್ಯಾಗ ಹೇಳಿಲ್ಲ.”

“ನನ್ನ ಮಗಳದೂ ಹಂಗ ಐತ್ರಿ,” ಎಂದ ಧೊಂಡಿಬಾ.

ಜಿನಪಾಲ ಮೋನಾಲಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಪಾನಾ ಒರೆಸುತ್ತಿದ್ದಳು. ಕೊನೆಗೆ ಅವನು ಎದ್ದು, ಗಾಡಿ ಚಾಲೂ ಮಾಡಿ, ಓಣಿಯಲ್ಲಿ ಕಾಲು ನೆಲಕ್ಕೆ ತಾಗಿಸುತ್ತಲೇ ಸ್ವಲ್ಪ ದೂರ ಹೋಗಿ, ಆಮೇಲೆ ಕಾಲು ಎತ್ತಿಕೊಂಡ. ಎಸ್‌ಟಿ ಸ್ಟ್ಯಾಂಡಿನ ಗದ್ದಲದಲ್ಲಿ ಕರಗುವ ತನಕ ಮೋನಾಲಿ ಆ ಸದ್ದು ಕೇಳುತ್ತ ನಿಂತಳು. ಏರುತ್ತಿತ್ತು, ಇಳಿಯುತ್ತಿತ್ತು.

ಒಳಗೆ ಬಂದು ಅವಳು ಮುಂಜಾನೆಯೇ ಮುಗಿಸಿಟ್ಟಿದ್ದ ಬೇರೊಂದು ಗಾಡಿಯ ಮುಂದೆ ಕೂತಳು. ಅದರ ಮುಚ್ಚಳ ತಿರುವತೊಡಗಿದಳು.

“ಆಗಳೆ ನೋಡಿದ್ದಿಯಲ್ಲ ಅದನ್ನ,” ಎಂದ ಧೊಂಡಿಬಾ.

“ಹೌದಪ್ಪಾ,” ಎಂದು ಅವಳು ತಿರುವುತ್ತಲೇ ಇದ್ದಳು.